ರಾಗಿ ಹುಲ್ಲು ತಿನ್ನೋ ಹಸುವಿಗೆ ಎಣ್ಣೆ ಕೊಡಬಹುದಾ? ಅನುಭವ ಇರೋರು ಹೇಳಿ

ಪ್ರಶ್ನೆ, ಅರಸೀಕೆರೆ ಕಡೆಯಿಂದ: ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು, ಕರು ಹಾಕಿ ತಿಂಗಳಾಯ್ತು. ಮೈ ಇಳಿದು ಪಕ್ಕೆಲುಬು ಕಾಣ್ತಿದೆ. ಶಕ್ತಿ ಬರಲಿ ಅಂತ ದಿನಾ ಅರ್ಧ ಲೀಟರ್ ಕೊಬ್ಬರಿ ಎಣ್ಣೆ ಗೊಟ್ಟದಲ್ಲಿ, ಅಂದ್ರೆ ಬಿದಿರಿನ ಕೊಳವೆಯಲ್ಲಿ ಬಾಯಿಗೆ ಸುರಿದು, ಕುಡಿಸ್ತಿದ್ದೀವಿ. ಅಲ್ಲಿಂದೀಚೆಗೆ ರಾಗಿ ಹುಲ್ಲು ಗೋದಲೆಯಲ್ಲೇ ಉಳೀತಿದೆ, ಸಗಣಿಯಲ್ಲಿ ಉದ್ದುದ್ದ ಕಡ್ಡಿ, ಡೈರಿಯಲ್ಲಿ ಹಾಲಿನ ಫ್ಯಾಟ್ ಶೇ. 3.8 ಇದ್ದದ್ದು 3.2 ಆಗಿದೆ. ಎಣ್ಣೆ ಕೊಟ್ರೆ ಫ್ಯಾಟ್ ಏರಬೇಕಲ್ವಾ?

ಚನ್ನರಾಯಪಟ್ಟಣದಿಂದ: ಅಣ್ಣಾ, ಇವತ್ತೇ ನಿಲ್ಲಿಸಿ. ಹುಲ್ಲನ್ನ ಅರಗಿಸೋದು ಹಸು ಅಲ್ಲ, ಅದರ ಮೆಲುಕು ಚೀಲದಲ್ಲಿರೋ (ನಾಲ್ಕು ಹೊಟ್ಟೆಗಳಲ್ಲಿ ಮೊದಲನೆಯದು) ಸೂಕ್ಷ್ಮಜೀವಿಗಳು. ನಾರು ಒಡೆಯೋ ಬ್ಯಾಕ್ಟೀರಿಯಾಕ್ಕೆ ಎಣ್ಣೆಯ ಕೊಬ್ಬಿನಾಮ್ಲ ವಿಷ ಇದ್ದಂಗೆ. ಜೊತೆಗೆ ಎಣ್ಣೆ ಹಚ್ಚಿದ ಕೈಗೆ ನೀರು ಅಂಟದ ಹಾಗೆ, ಎಣ್ಣೆ ಮೆತ್ತಿದ ಹುಲ್ಲಿಗೆ ಅವು ಅಂಟೋದೇ ಕಷ್ಟ. ಕೊಬ್ಬರಿ ಎಣ್ಣೆಯಲ್ಲಿ ಲಾರಿಕ್ ಆಮ್ಲ ಅರ್ಧದಷ್ಟಿರುತ್ತೆ. ಅದು ಅಲ್ಲಿರೋ ಪ್ರೋಟೋಜೋವಾ ಅನ್ನೋ ಏಕಕೋಶ ಜೀವಿಗಳನ್ನೂ ಕೊಲ್ಲುತ್ತೆ, ಮೇವಿನ ಆಸೆಯನ್ನೂ ಇಳಿಸುತ್ತೆ. ನಾರು ಕರಗಲಿಲ್ಲ ಅಂದ್ರೆ ಹೊಟ್ಟೆ ಖಾಲಿಯಾಗಲ್ಲ, ಖಾಲಿಯಾಗದ ಹೊಟ್ಟೆಗೆ ಹಸು ಮತ್ತೆ ಮೇವು ತುಂಬಲ್ಲ.

ಫ್ಯಾಟ್ ಬಿದ್ದದ್ದೂ ಅದಕ್ಕೇ. ನಾರನ್ನ ಸೂಕ್ಷ್ಮಜೀವಿಗಳು ಒಡೆದಾಗ ಬರೋ ಅಸಿಟಿಕ್ ಆಮ್ಲದಿಂದಲೇ ಕೆಚ್ಚಲು ಹಾಲಿನ ಕೊಬ್ಬಿನ ದೊಡ್ಡ ಪಾಲನ್ನ ಕಟ್ಟೋದು. ಸೂರ್ಯಕಾಂತಿ, ಸೋಯಾ ಎಣ್ಣೆಯಲ್ಲಿ ಇನ್ನೊಂದು ಕಾಟ: ಅವು ಮೆಲುಕು ಚೀಲದಲ್ಲಿ ಬದಲಾಗುವಾಗ ಹುಟ್ಟೋ ಕೆಲವು ಕೊಬ್ಬಿನಾಮ್ಲ ಕೆಚ್ಚಲಿನ ಕೊಬ್ಬಿನ ಕೆಲಸವನ್ನೇ ತಡೆಯುತ್ತವೆ.

ಲೆಕ್ಕ ಹಾಕಿ ನೋಡಿ. 400 ಕಿಲೋ ಹಸು ದಿನಕ್ಕೆ ಸುಮಾರು 12 ಕಿಲೋ ಒಣ ಅಂಶ (ನೀರು ಬಿಟ್ಟು ಉಳಿದ ಮೇವಿನ ತೂಕ) ತಿನ್ನುತ್ತೆ. ಒಟ್ಟು ಕೊಬ್ಬು ಅದರಲ್ಲಿ ಶೇ. 6 ದಾಟಬಾರದು, ಮೇವು-ಹಿಂಡಿಯಲ್ಲೇ ಶೇ. 2–3 ಇರುತ್ತೆ. ಅರ್ಧ ಲೀಟರ್ ಅಂದ್ರೆ ಸುಮಾರು 460 ಗ್ರಾಂ, ಹೆಚ್ಚೂಕಡಿಮೆ ಶೇ. 4, ಎರಡೂ ಸೇರಿ 6–7. ಮೇವೇ ಕಡಿಮೆ ತಿಂದ್ರೆ ಈ ಪಾಲು ಇನ್ನೂ ಏರುತ್ತೆ. ಒಣಹುಲ್ಲಿನ ಮೇಲೇ ನಿಂತ ಹಸುವಿಗೆ ನಾನಂತೂ ಬಿಡಿ ಎಣ್ಣೆ ಮುಟ್ಟಿಸಲ್ಲ. ಎಣ್ಣೆ ಕೊಟ್ಟ ಶಕ್ತಿಗಿಂತ ಹುಲ್ಲಿನಿಂದ ಕಿತ್ಕೊಂಡದ್ದೇ ಜಾಸ್ತಿ ಆಗಬಹುದು.

ಆಲೂರಿನಿಂದ: ನಮ್ಮ ಕಡೆ ಭತ್ತದ ಹುಲ್ಲು, ಕಥೆ ಇದೇ. ನಾವು ಬೈಪಾಸ್ ಫ್ಯಾಟ್ ಪುಡಿ ಕೊಡ್ತೀವಿ, ದಿನಕ್ಕೆ 100 ರಿಂದ 150 ಗ್ರಾಂ, ಹಿಂಡಿಗೆ ಕಲಸಿ, 50 ಗ್ರಾಂನಿಂದ ಶುರು ಮಾಡಿ. ಅದು ಕ್ಯಾಲ್ಸಿಯಂ ಜೊತೆ ಕಟ್ಟಿದ ಕೊಬ್ಬು. ಮೆಲುಕು ಚೀಲದಲ್ಲಿ ಬಿಚ್ಚಿಕೊಳ್ಳದೆ ಮುಂದೆ ಹೋಗಿ ನಾಲ್ಕನೇ ಹೊಟ್ಟೆಯ ಹುಳಿಯಲ್ಲಿ ಬಿಚ್ಚಿಕೊಳ್ಳುತ್ತೆ. ಆದ್ರೆ ಜೋಳದ ನುಚ್ಚು ಸುರಿದು ಮೆಲುಕು ಚೀಲವೇ ಹುಳಿಯಾಗಿದ್ರೆ ಅಲ್ಲೇ ಬಿಚ್ಚಿಕೊಳ್ಳುತ್ತೆ, ಆಗ ದುಡ್ಡು ದಂಡ. ಹತ್ತಿಕಾಳು ಸಿಕ್ಕಿದ್ರೆ ಇಡಿಯಾಗಿಯೇ ಕೊಡಿ, ಎಣ್ಣೆ ನಿಧಾನಕ್ಕೆ ಬಿಡುತ್ತೆ.

ಹಾಸನದಿಂದ, ಪಶುವೈದ್ಯ: ಮೇಲಿನವರು ಹೇಳಿದ್ದು ಸರಿ. ನನಗೆ ಅದಕ್ಕಿಂತ ದಿಗಿಲು ಗೊಟ್ಟದ ವಿಷಯ. ಎಣ್ಣೆ ಗಂಟಲಿಗೆ ಮೆತ್ತಗೆ ಇಳಿಯುವಾಗ ಹಸು ಕೆಮ್ಮುವುದೂ ಕಡಿಮೆ, ಸದ್ದಿಲ್ಲದೆ ಶ್ವಾಸಕೋಶ ಸೇರುತ್ತದೆ. ಆ ನ್ಯುಮೋನಿಯಾದಿಂದ ಹಸುವನ್ನು ಉಳಿಸುವುದು ಬಹಳ ಕಷ್ಟ. ನೊರೆ ತುಂಬಿದ ಹೊಟ್ಟೆಯುಬ್ಬರಕ್ಕೆ ಒಮ್ಮೆ ಎಣ್ಣೆ ಕುಡಿಸುವುದು ತುರ್ತು ಚಿಕಿತ್ಸೆ, ಅದನ್ನು ದಿನದ ಆಹಾರ ಮಾಡಬೇಡಿ. ಇನ್ನೊಂದು, ಕರು ಹಾಕಿ ತಿಂಗಳಿಗೆ ಮೈ ಇಳಿದು ಮೇವು ಬಿಟ್ಟರೆ ಕೀಟೋಸಿಸ್ (ಶಕ್ತಿ ಸಾಲದೆ ಮೈಕೊಬ್ಬು ಕರಗಿ ಬರುವ ರೋಗ) ಇರಬಹುದು. ಎಲ್ಲವನ್ನೂ ಎಣ್ಣೆಯ ತಲೆಗೆ ಕಟ್ಟದೆ ಮೂತ್ರ ಅಥವಾ ಹಾಲಿನ ಪರೀಕ್ಷೆ ಮಾಡಿಸಿ.

ಅರಸೀಕೆರೆಯಿಂದ ಮತ್ತೊಬ್ಬರು: ಹಾಗಂತ ಕೊಬ್ಬರಿ ಹಿಂಡಿಗೆ ಹೆದರಬೇಡಿ. ಆದ್ರೆ ಗಾಣದ ಹಿಂಡಿಯಲ್ಲಿ ಎಣ್ಣೆ ಉಳಿದಿರುತ್ತೆ, ಅದೂ ಲೆಕ್ಕಕ್ಕೆ ಸೇರಬೇಕು. ಮುಗ್ಗಲು ಹಿಡಿದದ್ದು, ಕಮಟು ವಾಸನೆಯದ್ದು ಬೇಡ.

ಚನ್ನರಾಯಪಟ್ಟಣದಿಂದ: ಎಣ್ಣೆ ಬಿಟ್ಟ ಮೇಲೂ ಫ್ಯಾಟ್ ಮರುದಿನವೇ ಏರಲ್ಲ, ಎರಡು-ಮೂರು ವಾರ ಕಾಯಿರಿ. ಅಷ್ಟರಲ್ಲಿ ಹುಲ್ಲಿನ ಜೊತೆ ಹಸಿ ನೇಪಿಯರ್ ಹುಲ್ಲು ಇಲ್ಲವೇ ಅಲಸಂದೆ ಸೊಪ್ಪು ಕತ್ತರಿಸಿ ಹಾಕಿ, ಖನಿಜ ಮಿಶ್ರಣ ತಪ್ಪಿಸಬೇಡಿ. ಎಣ್ಣೆ ಹೊಟ್ಟೆಯಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಕಟ್ಟಿಹಾಕುತ್ತೆ. ಮಲಗಿದಾಗ ಹಸು ಮೆಲುಕು ಹಾಕ್ತಿದೆಯಾ ನೋಡಿ, ಪರೀಕ್ಷೆಯಲ್ಲಿ ಏನು ಬಂತು ಅಂತ ಇಲ್ಲೇ ಬರೆಯಿರಿ.