ನಾಯಿ ನಮಗೆ ಕಲಿಸುತ್ತದೆ ಎಂಬ ಮಾತಿನಲ್ಲಿ ಹುರುಳೆಷ್ಟು?

ಪ್ರಶ್ನೆ ಕೇಳಿದವರು: ಹಿಂದುಮುಂದು

ನಮ್ಮ ಮನೆಯಲ್ಲಿ ನಾಯಿ ಸಾಕುವ ವಿಚಾರ ಬಹಳ ದಿನಗಳಿಂದ ಚರ್ಚೆಯಲ್ಲಿದೆ. ಒಂಬತ್ತು ವರ್ಷದ ಮಗಳ ಒತ್ತಾಯ ಹೆಚ್ಚುತ್ತಲೇ ಇದೆ, ಪತ್ನಿಗೂ ಒಲವಿದೆ, ಹಿಂಜರಿಯುತ್ತಿರುವವನು ನಾನೊಬ್ಬನೇ. ನಾಯಿ ಸಾಕಿದವರನ್ನು ವಿಚಾರಿಸಿದರೆ ಎಲ್ಲರಿಂದಲೂ ಹೆಚ್ಚುಕಡಿಮೆ ಒಂದೇ ಉತ್ತರ ಬರುತ್ತದೆ: ನಾಯಿ ನಿಷ್ಠೆಯನ್ನು ಕಲಿಸುತ್ತದೆ, ತಾಳ್ಮೆಯನ್ನು ಕಲಿಸುತ್ತದೆ, ನಿಷ್ಕಲ್ಮಷ ಪ್ರೀತಿ ಎಂದರೇನೆಂದು ತೋರಿಸಿಕೊಡುತ್ತದೆ. ನಾನು ಈ ಮಾತುಗಳನ್ನು ಅಲ್ಲಗಳೆಯುತ್ತಿಲ್ಲ. ಆದರೆ ಅವು ಎಷ್ಟು ಸಾಮಾನ್ಯವಾಗಿವೆಯೆಂದರೆ, ನಾಯಿ ಇದ್ದ ಜಾಗದಲ್ಲಿ ಸಂಗೀತಾಭ್ಯಾಸವನ್ನೋ ತೋಟಗಾರಿಕೆಯನ್ನೋ ಇಟ್ಟರೂ ವಾಕ್ಯದ ಅರ್ಥ ಕೆಡುವುದಿಲ್ಲ.

ನಾಯಿಯೊಂದಿಗೆ ಬದುಕಿದ್ದರಿಂದಲೇ ನಿಮಗೆ ತಿಳಿದುಬಂದದ್ದು, ನಾಯಿ ಇಲ್ಲದಿದ್ದರೆ ತಿಳಿಯುತ್ತಿರಲಿಲ್ಲ ಎನ್ನಬಹುದಾದದ್ದು ಏನಾದರೂ ಇದೆಯೇ? ದಿನನಿತ್ಯದ ನಡವಳಿಕೆಯಲ್ಲಿ ಅದು ಯಾವ ರೂಪದಲ್ಲಿ ಕಾಣಿಸುತ್ತದೆ? ಕೇವಲ ಮುದ್ದಿಗಾಗಿ ಸಾಕಿದ್ದೇವೆ ಎಂದರೂ ನನಗೆ ಬೇಸರವಿಲ್ಲ. ಅದನ್ನೂ ಹಾಗೆಯೇ ಹೇಳಿ.

ಸಂಜೆನಡಿಗೆ ಅವರ ಉತ್ತರ

ನಿಷ್ಠೆ, ಪ್ರೀತಿಗಳ ಮಾತನ್ನು ಬದಿಗಿಟ್ಟು ಹೇಳುವುದಾದರೆ, ನಾಯಿಯಿಂದ ನಾನು ಕಲಿತದ್ದು ಮಾತಿಲ್ಲದ ಜೀವವೊಂದರ ಮೈಯನ್ನು ಗಮನವಿಟ್ಟು ನೋಡುವುದನ್ನು.

ಬಾಲದ ವಿಷಯವನ್ನೇ ತೆಗೆದುಕೊಳ್ಳಿ. ಬಾಲ ಅಲ್ಲಾಡಿಸುವ ನಾಯಿ ಸಂತೋಷದಲ್ಲಿದೆ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಬಾಲ ಸಡಿಲವಾಗಿದ್ದು, ಅದರೊಂದಿಗೆ ಸೊಂಟವೂ ಓಲಾಡುತ್ತಿದ್ದರೆ ಆ ನಂಬಿಕೆ ಸರಿಯೇ. ಅದೇ ಬಾಲ ಸೆಟೆದು ಮೇಲೆದ್ದು, ತುದಿ ಮಾತ್ರ ಬಿರುಸಾಗಿ ಅಲುಗುತ್ತಿದ್ದರೆ ನಾಯಿ ಉದ್ವೇಗದಲ್ಲಿದೆ ಎಂದು ತಿಳಿಯಬೇಕು. ಆಗ ಕೈ ಚಾಚುವುದು ಜಾಣತನವಲ್ಲ. ಯಜಮಾನರನ್ನು ಕಂಡಾಗ ಬಾಲವು ನಾಯಿಯ ಬಲಬದಿಗೆ ಹೆಚ್ಚು ಬೀಸುತ್ತದೆ, ಮೇಲುಗೈ ತೋರುವ ಅಪರಿಚಿತ ನಾಯಿಯನ್ನು ಕಂಡಾಗ ಎಡಬದಿಗೆ ಹೆಚ್ಚು ಬೀಸುತ್ತದೆ ಎಂಬುದನ್ನು ಇಟಲಿಯ ಸಂಶೋಧಕರು 2007ರಲ್ಲಿ ಪ್ರಕಟಿಸಿದರು. ಈ ವ್ಯತ್ಯಾಸ ಬರಿಗಣ್ಣಿಗೆ ಸುಲಭವಾಗಿ ಸಿಗುವಂಥದ್ದಲ್ಲವಾದ್ದರಿಂದ ನಾನು ಅದನ್ನು ನೆಚ್ಚಿಕೊಳ್ಳುವುದಿಲ್ಲ. ಬರಿಗಣ್ಣಿಗೆ ಕಾಣುವುದೇ ಬೇಕಾದಷ್ಟಿದೆ.

ಮನೆಗೆ ಬಂದವರು ಬಗ್ಗಿ ತಲೆ ಸವರಲು ಹೋದಾಗ ನಮ್ಮ ನಾಯಿ ಗುರುಗುಟ್ಟುವುದಿಲ್ಲ, ಎದ್ದು ಹೋಗುವುದೂ ಇಲ್ಲ. ಮುಖವನ್ನು ಅರ್ಧದಷ್ಟು ಪಕ್ಕಕ್ಕೆ ತಿರುಗಿಸುತ್ತದೆ, ನಾಲಿಗೆಯ ತುದಿಯಿಂದ ಮೂಗನ್ನು ಒಮ್ಮೆ ನೆಕ್ಕಿಕೊಳ್ಳುತ್ತದೆ, ಮೈಭಾರವನ್ನು ಹಿಂಗಾಲುಗಳ ಮೇಲೆ ಬಿಡುತ್ತದೆ. ಕಣ್ಣಿನ ಅಂಚಿನಲ್ಲಿ ಬಿಳಿ ಕಾಣಿಸುತ್ತದೆ. ಇಷ್ಟೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ನೋಡಲು ಕಲಿತವರಿಗೆ ಅದು ‘ಬೇಡ’ ಎಂಬ ಸ್ಪಷ್ಟ ಉತ್ತರ. ಕಲಿಯದವರು ‘ಎಷ್ಟು ಸಾಧು!’ ಎಂದು ಮೆಚ್ಚುತ್ತ ಸವರುತ್ತಲೇ ಇರುತ್ತಾರೆ. ಇದು ಅಭ್ಯಾಸವಾದ ಮೇಲೆ ಮನುಷ್ಯರ ನಡುವೆಯೂ, ಬಾಯಲ್ಲಿ ‘ಆಗಲಿ’ ಎನ್ನುತ್ತಲೇ ಕುರ್ಚಿಯಲ್ಲಿ ಹಿಂದಕ್ಕೆ ಸರಿಯುವವರು ನನ್ನ ಕಣ್ಣಿಗೆ ಬೀಳತೊಡಗಿದರು.

ಇದರ ಇನ್ನೊಂದು ಮುಖವೂ ಇದೆ. ಕಂಡದ್ದಕ್ಕೆಲ್ಲ ನಮ್ಮ ಕಥೆಯನ್ನು ಅಂಟಿಸಬಾರದು ಎಂಬುದನ್ನೂ ನಾಯಿಯೇ ತೋರಿಸಿಕೊಡುತ್ತದೆ. ಚಪ್ಪಲಿ ಕಚ್ಚಿಹಾಕಿದ ನಾಯಿ ಕಿವಿ ಮಡಚಿ, ತಲೆ ತಗ್ಗಿಸಿ ನಿಂತರೆ ಅದಕ್ಕೆ ತಪ್ಪಿನ ಅರಿವಿದೆ ಎಂದು ನಮಗನಿಸುತ್ತದೆ. ನಾಯಿಗಳ ವರ್ತನೆಯನ್ನು ಅಧ್ಯಯನ ಮಾಡುವ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಿನ್ನಬಾರದೆಂದು ಹೇಳಿಟ್ಟ ತಿನಿಸನ್ನು ನಾಯಿ ತಿಂದಿದೆಯೋ ಇಲ್ಲವೋ ಎಂಬುದರ ಬಗ್ಗೆ ಯಜಮಾನರಿಗೆ ಕೆಲವೊಮ್ಮೆ ತಪ್ಪು ಮಾಹಿತಿ ಕೊಡಲಾಗಿತ್ತು. ಆ ‘ಅಪರಾಧಿ ಮುಖ’ಕ್ಕೂ ನಾಯಿ ಮಾಡಿದ ತಪ್ಪಿಗೂ ಸಂಬಂಧ ಕಾಣಲಿಲ್ಲ, ಯಜಮಾನರು ಗದರಿಸಿದಾಗ, ಏನೂ ತಿನ್ನದ ನಾಯಿಯಲ್ಲೂ ಆ ಮುಖ ಹೆಚ್ಚಾಗಿ ಕಾಣಿಸಿಕೊಂಡಿತು. ಅಂದರೆ ನಾವು ಪಶ್ಚಾತ್ತಾಪವೆಂದು ಓದಿಕೊಳ್ಳುವುದು ಬಹುಮಟ್ಟಿಗೆ ನಮ್ಮ ಸಿಟ್ಟಿಗೆ ಅದು ಕೊಡುವ ಪ್ರತಿಕ್ರಿಯೆ. ಇದು ತಿಳಿದ ಮೇಲೆ ನಾಯಿಯನ್ನು ಗದರಿಸುವ ಮನಸ್ಸೇ ಬರುವುದಿಲ್ಲ.

ನಾಲ್ವರಮನೆ ಅವರ ಉತ್ತರ

ಸಂಜೆನಡಿಗೆ ಅವರು ನಾಯಿಯನ್ನು ಓದುವ ಬಗ್ಗೆ ಬರೆದಿದ್ದಾರೆ. ನಾಯಿಯೂ ನಮ್ಮನ್ನು ಓದುತ್ತದೆ, ಮತ್ತು ಅದರ ಓದು ನಮ್ಮದಕ್ಕಿಂತ ನಿಷ್ಠುರವಾದದ್ದು.

ನಮ್ಮ ಮನೆಯಲ್ಲಿ ನಾಲ್ವರಿದ್ದೇವೆ. ನಾಯಿ ಮೈಮೇಲೆ ಹಾರಬಾರದು ಎಂಬುದು ಎಲ್ಲರೂ ಒಪ್ಪಿಕೊಂಡ ನಿಯಮ. ಆದರೆ ನನ್ನ ಅತ್ತೆಯವರು ಹಾರಿದಾಗ ನಗುತ್ತಿದ್ದರು, ಮಗ ಅದನ್ನು ಆಟವೆಂದುಕೊಂಡು ತಳ್ಳಾಡುತ್ತಿದ್ದ, ಪತಿ ಏರುದನಿಯಲ್ಲಿ ‘ಇಳಿ’ ಎನ್ನುತ್ತಿದ್ದರು, ನಾನು ‘ಬೇಡ’ ಎನ್ನುತ್ತಿದ್ದೆ. ನಾಯಿಯ ಲೆಕ್ಕದಲ್ಲಿ ಹಾರುವುದಕ್ಕೆ ನಗು, ಆಟ, ಮಾತು ಎಲ್ಲವೂ ಸಿಗುತ್ತಿತ್ತು, ಆದ್ದರಿಂದ ಅದು ಹಾರುತ್ತಲೇ ಇತ್ತು. ಅದನ್ನು ಹಟಮಾರಿ ಎಂದು ದೂರಲು ಕಾರಣವೇ ಇರಲಿಲ್ಲ. ಹಾರಿದಾಗ ಎಲ್ಲರೂ ಮುಖ ತಿರುಗಿಸಿ ಸುಮ್ಮನೆ ನಿಲ್ಲುವುದು, ನಾಲ್ಕೂ ಪಾದ ನೆಲಕ್ಕೆ ತಾಗಿದ ಮರುಕ್ಷಣವೇ ಮೆಚ್ಚುಗೆ ಕೊಡುವುದು ಎಂದು ಗೊತ್ತುಮಾಡಿಕೊಂಡೆವು. ಆ ಮರುಕ್ಷಣ ಎಂಬುದು ಮುಖ್ಯ. ಮೆಚ್ಚುಗೆ ಸ್ವಲ್ಪ ತಡವಾದರೂ, ಅಷ್ಟರೊಳಗೆ ಅದು ಬೊಗಳಿದ್ದರೆ, ಬೊಗಳಿದ್ದಕ್ಕೇ ಬಹುಮಾನ ಸಿಕ್ಕಿತೆಂದು ನಾಯಿ ತಿಳಿಯುತ್ತದೆ. ಹೇಳುವುದೊಂದು, ಮಾಡುವುದೊಂದು ಇರುವ ಮನೆಯಲ್ಲಿ ನಾಯಿ ಮಾಡುವುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮಕ್ಕಳೂ ಹಾಗೆಯೇ, ಆದರೆ ಅವರು ಅದನ್ನು ನಮಗೆ ಅಷ್ಟು ಬೇಗ ತೋರಿಸಿಕೊಡುವುದಿಲ್ಲ.

ಒಂದು ಪ್ರಯೋಗವನ್ನು ಇಲ್ಲಿ ಹೇಳಲೇಬೇಕು. ವಿಯೆನ್ನಾದ ಸಂಶೋಧಕರು 2008ರಲ್ಲಿ ಎರಡು ನಾಯಿಗಳನ್ನು ಅಕ್ಕಪಕ್ಕದಲ್ಲಿ ಕೂರಿಸಿ ಪಂಜ ಕೊಡುವಂತೆ ಕೇಳಿದರು. ಒಂದಕ್ಕೆ ಪ್ರತಿಬಾರಿಯೂ ತಿನಿಸು ಕೊಟ್ಟು ಇನ್ನೊಂದಕ್ಕೆ ಏನೂ ಕೊಡದಿದ್ದಾಗ, ಸಿಗದ ನಾಯಿ ಬೇಗನೆ ಪಂಜ ಕೊಡುವುದನ್ನು ನಿಲ್ಲಿಸಿತು. ಒಂಟಿಯಾಗಿ ಕೂತು ಏನೂ ಸಿಗದಿದ್ದಾಗ ಅದಕ್ಕಿಂತ ಹೆಚ್ಚು ಹೊತ್ತು ಸಹಕರಿಸುತ್ತಿತ್ತು. ಸ್ವಾರಸ್ಯವೆಂದರೆ, ಎರಡಕ್ಕೂ ತಿನಿಸು ಸಿಕ್ಕಿ, ಒಂದರದ್ದು ಹೆಚ್ಚು ರುಚಿಯದ್ದಾಗಿದ್ದರೆ ಅವು ತಲೆಕೆಡಿಸಿಕೊಳ್ಳಲಿಲ್ಲ. ಈ ವಿಷಯದಲ್ಲಿ ಅವು ನಮಗಿಂತ ವಾಸಿ ಎಂದು ನನ್ನ ಅಭಿಪ್ರಾಯ.

ನೇರನುಡಿ ಅವರ ಉತ್ತರ

ಮೇಲಿನ ಎರಡೂ ಉತ್ತರಗಳು ಚೆನ್ನಾಗಿವೆ, ಆದರೆ ಪ್ರಶ್ನೆ ಕೇಳಿದವರಿಗೆ ಇನ್ನೊಂದು ಬದಿಯೂ ತಿಳಿದಿರಲಿ. ನಾಯಿ ಯಾರ ಗುರುವೂ ಅಲ್ಲ. ಕಲಿಸುವ ಉದ್ದೇಶ ಅದಕ್ಕಿಲ್ಲ. ನಮ್ಮನ್ನು ತಿದ್ದಲೆಂದು ಒಂದು ಪ್ರಾಣಿಯನ್ನು ತರುವುದು ಅದರ ಮೇಲೆ ಹೊರಿಸುವ ಅನಗತ್ಯ ಭಾರ. ಹತ್ತು ಹನ್ನೆರಡು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ, ಮಳೆಯಿರಲಿ ಜ್ವರವಿರಲಿ, ಯಾರಾದರೊಬ್ಬರು ಎದ್ದು ಅದನ್ನು ಹೊರಗೆ ಕರೆದೊಯ್ಯಬೇಕು.

ಆರೋಗ್ಯದ ಲಾಭದ ಬಗ್ಗೆಯೂ ಎಚ್ಚರಿಕೆಯಿಂದ ಮಾತಾಡಬೇಕು. ನಾಯಿ ಮತ್ತು ಯಜಮಾನರು ಪರಸ್ಪರ ದೀರ್ಘವಾಗಿ ನೋಡಿಕೊಂಡಾಗ ಇಬ್ಬರಲ್ಲೂ ಬಾಂಧವ್ಯಕ್ಕೆ ಸಂಬಂಧಿಸಿದ ಆಕ್ಸಿಟೋಸಿನ್ ಹಾರ್ಮೋನು ಏರುತ್ತದೆಂದು ಜಪಾನಿನ ಸಂಶೋಧಕರು 2015ರಲ್ಲಿ ತೋರಿಸಿದರು. ಮನುಷ್ಯರೇ ಸಾಕಿ ಬೆಳೆಸಿದ ತೋಳಗಳಲ್ಲಿ ಹಾಗಾಗಲಿಲ್ಲ. ಇದು ಸುಂದರವಾದ ಶೋಧ. ಆದರೆ ನಾಯಿ ಸಾಕುವವರು ಹೆಚ್ಚು ಆರೋಗ್ಯವಂತರು ಎಂಬ ಮಾತು ಬೇರೆಯದು. ನಡೆದಾಡುವ ಶಕ್ತಿ, ಬಿಡುವು, ಹಣ ಇರುವವರೇ ನಾಯಿಯನ್ನು ಸಾಕುವ ಸಾಧ್ಯತೆ ಹೆಚ್ಚಿರುವುದರಿಂದ, ಯಾವುದು ಕಾರಣ ಯಾವುದು ಪರಿಣಾಮ ಎಂದು ಬಿಡಿಸುವುದು ಸುಲಭವಲ್ಲ. ಔಷಧಿಯೆಂದುಕೊಂಡು ನಾಯಿಯನ್ನು ತರಬೇಡಿ.

ಹಳೆಯಂಗಳ ಅವರ ಉತ್ತರ

ನೇರನುಡಿಯವರ ಮಾತನ್ನು ಒಪ್ಪುತ್ತೇನೆ. ಉದ್ದೇಶವಿಲ್ಲದಿದ್ದರೂ ಕಲಿಕೆ ನಡೆಯುತ್ತದೆ ಎಂಬುದಷ್ಟೇ ನನ್ನ ಸೇರ್ಪಡೆ.

ನಡಿಗೆಗೆ ಹೋದಾಗ ನಾಯಿ ಒಂದೇ ಕಂಬದ ಬುಡದಲ್ಲಿ ನಿಂತು ಮೂಸುತ್ತಲೇ ಇದ್ದರೆ ಹಗ್ಗ ಜಗ್ಗುವುದು ನಮ್ಮ ಅಭ್ಯಾಸ. ಒಮ್ಮೆ ಜಗ್ಗದೆ ಅದರ ಮೂಗನ್ನು ಹತ್ತಿರದಿಂದ ನೋಡಿ. ಹೊಳ್ಳೆಗಳ ಪಕ್ಕದಲ್ಲಿ ಸಣ್ಣ ಸೀಳುಗಳಿರುತ್ತವೆ. ಬಿಡುವ ಉಸಿರು ಆ ಸೀಳುಗಳ ಮೂಲಕ ಬದಿಗೆ ಹೋಗುವುದರಿಂದ, ಮುಂದಿರುವ ವಾಸನೆ ಚದುರುವುದಿಲ್ಲ. ಒಳಗೆ ಸೆಳೆದ ಗಾಳಿಯಲ್ಲಿ ಒಂದು ಪಾಲು ಶ್ವಾಸಕೋಶಕ್ಕೆ ಹೋಗದೆ ಮೂಗಿನ ಹಿಂಭಾಗದಲ್ಲಿ ವಾಸನೆಗೆಂದೇ ಇರುವ ಭಾಗಕ್ಕೆ ಹೋಗುತ್ತದೆ. ಮನುಷ್ಯರಲ್ಲಿ ಸುಮಾರು 60 ಲಕ್ಷದಷ್ಟಿರುವ ವಾಸನೆಯ ಗ್ರಾಹಕಗಳು ನಾಯಿಯಲ್ಲಿ ತಳಿಗೆ ತಕ್ಕಂತೆ 10 ಕೋಟಿಯಿಂದ 30 ಕೋಟಿಯವರೆಗೆ ಇರುತ್ತವೆಂಬ ಅಂದಾಜಿದೆ. ಯಾರು ಬಂದುಹೋದರು, ಎಷ್ಟು ಹೊತ್ತಾಯಿತು ಎಂಬುದೆಲ್ಲ ಆ ಕಂಬದ ಬುಡದಲ್ಲಿ ಅದಕ್ಕೆ ಸಿಗುತ್ತಿರುವಾಗ, ನಮಗೆ ಖಾಲಿಯಾಗಿ ಕಂಡದ್ದು ಖಾಲಿಯಲ್ಲ ಎಂದು ದಿನವೂ ನೆನಪಾಗುತ್ತದೆ. ನಡಿಗೆಯ ವೇಗವನ್ನು ನಾನು ಅದಕ್ಕೇ ಬಿಟ್ಟಿದ್ದೇನೆ.

ಮುಪ್ಪಿನ ನಾಯಿ ಕಲಿಸುವುದು ಬೇರೆಯೇ. ನಾಯಿಗಳು ನೋವನ್ನು ಸುಲಭವಾಗಿ ತೋರಿಸಿಕೊಳ್ಳುವುದಿಲ್ಲ. ನಮ್ಮದು ಕುಂಟುತ್ತಿರಲಿಲ್ಲ, ನರಳುತ್ತಿರಲಿಲ್ಲ. ಮೆಟ್ಟಿಲಿನ ಮುಂದೆ ಒಂದು ಕ್ಷಣ ನಿಲ್ಲುತ್ತಿತ್ತು, ಅಷ್ಟೇ. ವಯಸ್ಸಾಯಿತು, ಸೋಮಾರಿಯಾಗಿದೆ ಎಂದು ಬಂದವರು ಹೇಳುತ್ತಿದ್ದರು. ಪಶುವೈದ್ಯರು ಸೊಂಟದ ಕೀಲುಗಳನ್ನು ಪರೀಕ್ಷಿಸಿ ಸಂಧಿವಾತವೆಂದರು. ಔಷಧಿ ಆರಂಭವಾದ ಮೇಲೆ ಆ ನಿಲುಗಡೆ ಕಡಿಮೆಯಾಯಿತು. ಅದೇ ಸಮಯದಲ್ಲಿ ನಮ್ಮ ತಂದೆಯವರು ಕುರ್ಚಿಯಿಂದ ಏಳುವ ಮುನ್ನ ಎರಡೂ ಕೈಗಳಿಂದ ತೊಡೆಯನ್ನು ಒತ್ತಿಕೊಳ್ಳುವುದು ನನ್ನ ಗಮನಕ್ಕೆ ಬಂದಿತು. ಕೇಳಿದರೆ ‘ಏನಿಲ್ಲ’ ಎನ್ನುವ ಸ್ವಭಾವದವರು ಅವರು. ನಾನು ಕೇಳದೆಯೇ ವೈದ್ಯರ ಬಳಿ ಕರೆದೊಯ್ದೆ.

ಈ ಆರೈಕೆ ಹೊಸದೇನಲ್ಲ. ಜರ್ಮನಿಯ ಬಾನ್ ನಗರದ ಒಬರ್‌ಕಾಸೆಲ್‌ನಲ್ಲಿ 1914ರಲ್ಲಿ ಸಿಕ್ಕ, ಸುಮಾರು 14,000 ವರ್ಷಗಳ ಹಿಂದಿನ ಸಮಾಧಿಯಲ್ಲಿ ಒಬ್ಬ ಪುರುಷ ಮತ್ತು ಒಬ್ಬ ಮಹಿಳೆಯೊಂದಿಗೆ ಏಳು ತಿಂಗಳಷ್ಟು ಪ್ರಾಯದ ನಾಯಿಮರಿಯೊಂದಿತ್ತು. ಅದರ ಹಲ್ಲುಗಳ ಮೇಲಿನ ಗುರುತುಗಳನ್ನು ಪರಿಶೀಲಿಸಿದ ತಜ್ಞರು, ಮರಿಗೆ ಡಿಸ್ಟೆಂಪರ್ ಎಂಬ, ನಾಯಿಗಳಿಗೆ ಬರುವ ಮಾರಕ ಸೋಂಕುರೋಗ ತಗಲಿದ್ದಿರಬೇಕು, ಮನುಷ್ಯರು ನೋಡಿಕೊಳ್ಳದೆ ಆ ಮೇಲೆ ಅದು ವಾರಗಟ್ಟಲೆ ಬದುಕಿ ಉಳಿಯುವುದು ಕಷ್ಟವಿತ್ತು ಎಂದು 2018ರಲ್ಲಿ ಬರೆದರು. ಕಾಯಿಲೆಬಿದ್ದ ಮರಿಯಿಂದ ಅವರಿಗೆ ಬೇಟೆಗಾಗಲಿ ಕಾವಲಿಗಾಗಲಿ ಉಪಯೋಗವಿದ್ದಿರಲಾರದು.

ಹಿಂದುಮುಂದು ಅವರ ಮರುಪ್ರಶ್ನೆ

ಎಲ್ಲರಿಗೂ ಧನ್ಯವಾದಗಳು. ಇಷ್ಟು ನಿರ್ದಿಷ್ಟವಾದ ಉತ್ತರಗಳನ್ನು ನಿರೀಕ್ಷಿಸಿರಲಿಲ್ಲ. ಇನ್ನೊಂದು ವಿಷಯ ಉಳಿಯಿತು: ನಾಯಿಯ ಪೂರ್ತಿ ಹೊಣೆಯನ್ನು ಮಗಳಿಗೆ ವಹಿಸಿದರೆ ಅವಳಿಗೆ ಜವಾಬ್ದಾರಿ ಬರುತ್ತದೆಂದು ಪತ್ನಿ ಹೇಳುತ್ತಾಳೆ. ಇದು ಸರಿಯೇ?

ಸಂಜೆನಡಿಗೆ ಅವರ ಉತ್ತರ

ಪೂರ್ತಿ ಹೊಣೆ ಬೇಡ. ಒಂಬತ್ತು ವರ್ಷದ ಮಗು ಮರೆಯುವುದು ಸಹಜ, ಆದರೆ ಮರೆತದ್ದರ ಫಲವನ್ನು ಉಣ್ಣಬೇಕಾದದ್ದು ನಾಯಿ. ನೀರಿನ ಬಟ್ಟಲನ್ನು ತೊಳೆದು ತುಂಬುವುದು, ಮೈ ಬಾಚುವುದು, ದೊಡ್ಡವರೊಂದಿಗೆ ನಡಿಗೆಗೆ ಹೋಗುವುದು ಇಂಥ ಕೆಲಸಗಳನ್ನು ಅವಳಿಗೆ ಕೊಡಿ. ಕೊನೆಯ ಹೊಣೆ ದೊಡ್ಡವರದಾಗಿರಲಿ.

ಅದಕ್ಕಿಂತ ಮುಖ್ಯವಾಗಿ, ನಾಯಿ ತಿನ್ನುವಾಗ ಮತ್ತು ಮಲಗಿರುವಾಗ ಮುಟ್ಟಬಾರದೆಂದು ಮೊದಲ ದಿನವೇ ಹೇಳಿಕೊಡಿ. ಚಿಕ್ಕ ಮಕ್ಕಳನ್ನು ಪರಿಚಿತ ನಾಯಿಗಳೂ ಕಚ್ಚುವುದುಂಟು. ಸವರುವಾಗ ಕೆಲವು ಕ್ಷಣಗಳ ನಂತರ ಕೈ ಹಿಂತೆಗೆದು ಕಾಯಲು ಹೇಳಿ: ನಾಯಿ ಮತ್ತೆ ಹತ್ತಿರ ಒತ್ತಿಕೊಂಡರೆ ಮುಂದುವರಿಸಬಹುದು, ನಿಂತಲ್ಲೇ ನಿಂತರೆ ಅಥವಾ ಸರಿದುಹೋದರೆ ಅಲ್ಲಿಗೆ ಬಿಡಬೇಕು. ನಾಯಿಗೆ ರೇಬಿಸ್ ಲಸಿಕೆಯನ್ನು ತಪ್ಪಿಸಬೇಡಿ. ಎಂದಾದರೂ ಹಲ್ಲು ತಾಗಿ ಗಾಯವಾದರೆ ಹದಿನೈದು ನಿಮಿಷ ಸೋಪು ಮತ್ತು ಹರಿಯುವ ನೀರಿನಿಂದ ತೊಳೆದು, ತಡಮಾಡದೆ ವೈದ್ಯರ ಬಳಿಗೆ ಹೋಗಿ.

ನೇರನುಡಿ ಅವರ ಉತ್ತರ

ಬೆಳಿಗ್ಗೆ ಯಾರು ಎದ್ದು ಹೊರಗೆ ಕರೆದೊಯ್ಯುವುದು ಎಂಬುದನ್ನು ನೀವೂ ನಿಮ್ಮ ಪತ್ನಿಯೂ ಮೊದಲು ತೀರ್ಮಾನಿಸಿಕೊಳ್ಳಿ. ಅದು ತೀರ್ಮಾನವಾಗುವವರೆಗೆ ಮರಿ ನೋಡಲು ಹೋಗಬೇಡಿ. ನೋಡಿದ ಮೇಲೆ ತೀರ್ಮಾನ ನಿಮ್ಮ ಕೈಯಲ್ಲಿರುವುದಿಲ್ಲ.