ನಾತಾಲ್ ಲೇಖನದಲ್ಲಿ ‘ಕೂಲಿ’: ಎಲ್ಲಿ ಉಳಿಸಬೇಕು, ಎಲ್ಲಿ ಬಿಡಬೇಕು?

ಮಾಟುಂಗಾ ಸಂಚಿಕೆ: ದಕ್ಷಿಣ ಆಫ್ರಿಕಾದ ನಾತಾಲ್‌ನ ಕಬ್ಬಿನ ತೋಟಗಳಿಗೆ ಹೋದ ಭಾರತೀಯರ ಬಗೆಗಿನ ಇಂಗ್ಲಿಷ್ ಲೇಖನವೊಂದನ್ನು ನಮ್ಮ ಸಂಘದ ಸಂಚಿಕೆಗೆ ಕನ್ನಡಕ್ಕೆ ತರುತ್ತಿದ್ದೇವೆ. ಅದರಲ್ಲಿ ಸಾಲುಸಾಲಿಗೂ ‘ಕೂಲಿ’. ಡರ್ಬನ್‌ನ ಓದುಗರೊಬ್ಬರು ಇದು ಬೈಗುಳ, ತೆಗೆಯಿರಿ ಎನ್ನುತ್ತಾರೆ. ದಿನಗೂಲಿ, ಕೂಲಿನಾಲಿ ಎಂದು ನಾವು ಆಡುವ ಮಾತು ಅಲ್ಲಿ ಬೈಗುಳವಾದದ್ದು ಹೇಗೆ? ನಮ್ಮ ಮುಂಬೈಯ ಕೋಲಿವಾಡಕ್ಕೂ ಇದಕ್ಕೂ ನಂಟಿದೆಯೇ?

ಪದಮೂಲ: ಎರಡು ವಾದಗಳಿವೆ. ಒಂದು, ನಮ್ಮ ಮತ್ತು ತಮಿಳರ ಕೂಲಿ, ಅಂದರೆ ದುಡಿತಕ್ಕೆ ಸಿಗುವ ಹಣ. ಇನ್ನೊಂದು, ಗುಜರಾತ್-ಕೊಂಕಣದ ಕೋಲಿ ಸಮುದಾಯದ ಹೆಸರು. ಭಾರತದ ಇಂಗ್ಲಿಷ್ ಮಾತುಗಳ 1886ರ ಹಾಬ್ಸನ್-ಜಾಬ್ಸನ್ ನಿಘಂಟು ಎರಡನ್ನೂ ಚರ್ಚಿಸಿದೆ. ಚೀನಿಯಲ್ಲಿ ಇದನ್ನು ‘ಕಹಿ’, ‘ಬಲ’ ಎಂಬರ್ಥದ ಎರಡು ಅಕ್ಷರಗಳಲ್ಲಿ ಬರೆಯುತ್ತಾರೆ. ಉಚ್ಚಾರಕ್ಕೆ ಹೊಂದುವಂತೆ ಆಮೇಲೆ ಆರಿಸಿಕೊಂಡ ಅಕ್ಷರಗಳವು, ಮೂಲವಲ್ಲ. ಏನೇ ಆಗಲಿ, ‘ಕೋಲಿವಾಡ ಎಂದರೆ ಕೂಲಿಗಳ ಕೇರಿ’ ಎಂದು ದಯವಿಟ್ಟು ಅಚ್ಚು ಹಾಕಬೇಡಿ. ವರ್ಲಿಯಲ್ಲಾಗಲಿ ಸಾಯನ್‌ನಲ್ಲಾಗಲಿ ಅದು ಮುಂಬೈ ದ್ವೀಪಗಳ ಹಳೆಯ ಮೀನುಗಾರರಾದ ಕೋಲಿಗಳ ಊರು.

ಗಿರಗಾಂವ್ ವಾಚಕ: ಬೈಗುಳವಾದ ಬಗೆ ಇದು. 1860ರ ನವೆಂಬರ್ 16ರಂದು ‘ಟ್ರೂರೊ’ ಹಡಗು ಮೊದಲ ಕರಾರು ಕಾರ್ಮಿಕರನ್ನು ಹೊತ್ತು ಮದ್ರಾಸಿನಿಂದ ಡರ್ಬನ್ ಮುಟ್ಟಿತು. ಕರಾರಿನ ಮೊದಲ ವರ್ಷ ತಿಂಗಳಿಗೆ 10 ಶಿಲಿಂಗ್. ಅಲ್ಲಿಯವರೆಗೆ ಪದ ಕೆಲಸಕ್ಕೆ ಅಂಟಿಕೊಂಡಿತ್ತು. ಕರಾರು ಮುಗಿದವರು ತರಕಾರಿ ಬೆಳೆದರು, ಸ್ವಂತ ಖರ್ಚಿನಲ್ಲಿ ಬಂದ ಗುಜರಾತಿಗಳು ಅಂಗಡಿ ಇಟ್ಟರು. ಆದರೂ ಬಿಳಿಯರ ಬಾಯಲ್ಲಿ ಎಲ್ಲರೂ ಕೂಲಿಗಳೇ. 1893ರಲ್ಲಿ ಹೋದ ಗಾಂಧಿಯವರು ‘ಕೂಲಿ ಬ್ಯಾರಿಸ್ಟರ್’. ನಾತಾಲ್‌ನ ನೆರೆಯ ಟ್ರಾನ್ಸ್‌ವಾಲ್‌ನ 1885ರ 3ನೇ ಕಾನೂನು ಈ ಪದವನ್ನೇ ಬಳಸಿ ಏಷ್ಯಾದವರಿಗೆ ಪೌರತ್ವದ ಹಕ್ಕು ನಿರಾಕರಿಸಿತು. ಅವರನ್ನು ದೂಡಿದ ಕೇರಿಗಳಿಗೂ ಅದೇ ಹೆಸರು ಬಂತು. ಸಂಬಳದ ಹೆಸರು ಹೀಗೆ ಜನಾಂಗದ ಹೆಸರಾಯಿತು. ನಿಮ್ಮ ಓದುಗರು ಹೇಳಿದ್ದು ಸರಿ.

ಮಾಟುಂಗಾ ಸಂಚಿಕೆ: ಹಾಗಾದರೆ ಎಲ್ಲೆಡೆ ‘ಗಿರ್ಮಿಟಿಯಾ’, ಅಂದರೆ ಕರಾರಿನ ಮೇಲೆ ಹೋದವರು, ಎಂದು ಹಾಕಬಹುದೇ?

ಕರಡು ತಿದ್ದುವವ: ಹಾಕಬಹುದು, ಆದರೆ ಮೊದಲ ಸಲ ‘ಅಗ್ರಿಮೆಂಟ್ ಎಂಬುದು ಜನರ ನಾಲಿಗೆಯಲ್ಲಿ ಗಿರ್ಮಿಟ್ ಆಯಿತು’ ಎಂದು ಒಂದು ಸಾಲು ಸೇರಿಸಿ. ಇಲ್ಲದಿದ್ದರೆ ಹುಬ್ಬಳ್ಳಿ-ಧಾರವಾಡದ ಓದುಗರಿಗೆ ಮಂಡಕ್ಕಿ ಗಿರ್ಮಿಟ್ ನೆನಪಾಗುತ್ತದೆ. ಉಳಿದಂತೆ ‘ಕರಾರು ಕಾರ್ಮಿಕರು’ ಸಾಕು. ‘ಜೀತ’ ಬೇಡ, ಅದು ಸಾಲಕ್ಕೆ ಸಿಕ್ಕಿಬಿದ್ದವರ ದುಡಿಮೆ. ಕಾನೂನಿನ ಹೆಸರು, ಹಳೆಯ ಪತ್ರ, ಯಾರೋ ಆಡಿದ ಮಾತು ಇದ್ದಲ್ಲಿ ‘ಕೂಲಿ’ಯನ್ನು ಉದ್ಧರಣ ಚಿಹ್ನೆಯೊಳಗೆ ಹಾಗೆಯೇ ಬಿಡಿ, ಅಲ್ಲಿ ಅಳಿಸಿದರೆ ಅವಮಾನ ಮಾಡಿದವರ ಗುರುತೇ ಅಳಿಸಿಹೋಗುತ್ತದೆ. ಲೇಖಕರ ಸ್ವಂತ ವಾಕ್ಯದಲ್ಲಿ ಮನುಷ್ಯರಿಗೆ ಬೇಡ. ‘ಕೂಲಿ ಏರಿತು’, ‘ಕೂಲಿ ಹಿಡಿದುಕೊಂಡರು’ ಎಂದು ಹಣದ ಅರ್ಥದಲ್ಲಿ ಬಂದರೆ ಮುಟ್ಟಲೇಬೇಡಿ, ಅದು ಅಪ್ಪಟ ಕನ್ನಡ. ಕಂಪ್ಯೂಟರಿನಲ್ಲಿ ಒಟ್ಟಿಗೆ ಬದಲಿಸಿದರೆ ‘ದಿನಗೂಲಿ’ ಉಳಿದು ‘ಕೂಲಿ ದರ’ ಕೆಡುತ್ತದೆ, ಒಂದೊಂದನ್ನೇ ನೋಡಿ ತಿದ್ದಿ.

ಸಂಚಿಕೆಯಲ್ಲಿ ಮುಂಬೈ ಶ್ರಮಿಕರ ಪುಟವೂ ಇದ್ದರೆ, ಮಾರುಕಟ್ಟೆಯಲ್ಲಿ ಮೂಟೆ ಹೊರುವವರಿಗೆ ಮಾಥಾಡಿ ಅಥವಾ ಹಮಾಲ ಎನ್ನಿ. 1969ರ ಮಹಾರಾಷ್ಟ್ರ ಕಾಯ್ದೆಯಲ್ಲಿ ಇರುವುದೂ ಅವೇ ಹೆಸರು. ಕೆಂಪಂಗಿ ತೊಟ್ಟು ತೋಳಿಗೆ ಹಿತ್ತಾಳೆ ಬಿಲ್ಲೆ ಕಟ್ಟಿದ ರೈಲು ನಿಲ್ದಾಣದ ಹೊರೆಯಾಳುಗಳಿಗೆ ರೈಲ್ವೆ 2016ರ ಬಜೆಟ್‌ನಲ್ಲಿ ‘ಸಹಾಯಕ್’ ಎಂದು ಹೆಸರಿಟ್ಟಿತು.