ಬೋರಿನ ಉಪ್ಪು ನೀರಲ್ಲಿ ಆಯ್ಸ್ಟರ್ ಬೆಳೆಯುತ್ತಾ?

ಸವಳು ಭೂಮಿ (ಸಿಂಧನೂರು):
ನಮ್ಮದು ಎಡದಂಡೆ ಕಾಲುವೆಯ ಕೊನೆ ಭಾಗ. ಎರಡು ಎಕರೆ ಸವಳು ಹತ್ತಿ ಭತ್ತ ಬರ್ತಿಲ್ಲ. ಬೋರಿನ ನೀರು ಬಾಯಿಗೆ ಹಾಕಿದರೆ ಉಪ್ಪು, ಕೃಷಿ ಹೊಂಡದ ಅಂಚಲ್ಲಿ ಬಿಳಿ ಪುಡಿ ಕಟ್ಟಿದೆ. ಮೊನ್ನೆ ಯೂಟ್ಯೂಬಲ್ಲಿ ಆಯ್ಸ್ಟರ್ ಸಾಕಣೆ ನೋಡಿದೆ. ಉಪ್ಪು ನೀರೇ ಬೇಕಂತೆ, ಮೇವೂ ಹಾಕೋದು ಬೇಡವಂತೆ. ನಮ್ಮ ಹೊಂಡದಲ್ಲಿ ಆಗುತ್ತಾ? ಅಪ್ಪನಿಗೆ ಹೇಳಿದರೆ ನಗ್ತಾರೆ, ಅದಕ್ಕೇ ಮೊದಲು ಇಲ್ಲಿ ಕೇಳ್ತಿದ್ದೀನಿ.

ಗಂಗಾವತಿ ಅಕ್ಕಿ:
ಆಯ್ಸ್ಟರ್ ಅಂದ್ರೆ ಅಣಬೆ ತಾನೇ? ಭತ್ತದ ಹುಲ್ಲಲ್ಲೇ ಬರುತ್ತಲ್ಲ, ಹೊಂಡ ಯಾಕೆ?

ಕೊಪ್ಪಳದವ:
ಅಣಬೆ ಅಲ್ಲ ಅಣ್ಣ, ಅವರು ಕೇಳ್ತಿರೋದು ಉಪ್ಪು ನೀರಲ್ಲಿ ಚಿಪ್ಪಿನೊಳಗೆ ಬದುಕೋ ಜೀವಿ. ನಾನು ಕುಮಟಾದಲ್ಲಿ ನಾಲ್ಕು ವರ್ಷ ಇದ್ದೆ. ಅಘನಾಶಿನಿ ಅಳಿವೆಯಲ್ಲಿ ನೀರಿಳಿದಾಗ ಬಂಡೆ ತುಂಬ ಇವೇ. ಬರಿಗಾಲಲ್ಲಿ ಕಾಲಿಟ್ಟು ಹಿಮ್ಮಡಿ ಸೀಳಿಕೊಂಡಿದ್ದೀನಿ, ಬ್ಲೇಡಿನಷ್ಟು ಹರಿತ.

ನಿಮ್ಮ ಹೊಂಡದಲ್ಲಿ ಆಗಲ್ಲ ತಮ್ಮಾ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತೆ, ಬೋರಿನ ಉಪ್ಪು ಅದರ ಹತ್ತಿರಕ್ಕೂ ಬರಲ್ಲ, ಉಪ್ಪಿನ ಜಾತಿಯೂ ಬೇರೆ. ಮೇವು ಹಾಕಲ್ಲ ಅನ್ನೋದು ನಿಜ, ಆದರೆ ಉಬ್ಬರ ಇಳಿತ ದಿನಾ ಹೊಸ ನೀರು ತರುತ್ತೆ, ಅದರಲ್ಲಿರೋ ಕಣ್ಣಿಗೆ ಕಾಣದ ಪಾಚಿಯನ್ನ ಇವು ಸೋಸಿ ತಿಂತಾವೆ. ನಿಂತ ಹೊಂಡಕ್ಕೆ ಅದನ್ನ ಯಾರು ತರ್ತಾರೆ?

ಕೇರಳದ ಅಷ್ಟಮುಡಿ ಕಡೆ ಸಣ್ಣ ರೈತರು ಇದನ್ನ ಮಾಡ್ತಾರೆ. ಖಾಲಿ ಚಿಪ್ಪಿಗೆ ತೂತು ಕೊರೆದು, ಐದಾರನ್ನ ಹಗ್ಗಕ್ಕೆ ಪೋಣಿಸಿ, ಕಂಬದ ಚಪ್ಪರದಿಂದ ನೀರಿಗೆ ಇಳಿಬಿಡ್ತಾರೆ. ಮರಿಗಳು ಎರಡು ಮೂರು ವಾರ ತೇಲಾಡಿ, ಗಟ್ಟಿ ಜಾಗ ಸಿಕ್ಕ ಕಡೆ ಅಂಟಿಕೊಳ್ತಾವೆ, ಆಮೇಲೆ ಸಾಯೋತನಕ ಅಲ್ಲಾಡಲ್ಲ. ಹಳೆ ಚಿಪ್ಪು ಅಂದ್ರೆ ಜಾಸ್ತಿ ಇಷ್ಟ. ಒಂದರ ಮೇಲೊಂದು ಅಂಟಿ ದಿಬ್ಬ ಆಗೋದೇ ಹಾಗೆ, ಆ ದಿಬ್ಬ ಅಲೆ ತಡೆದು ದಂಡೆ ಉಳಿಸುತ್ತೆ. ಮಳೆಗಾಲದಲ್ಲಿ ಸಿಹಿನೀರು ನುಗ್ಗಿದರೆ ಬಾಯಿ ಮುಚ್ಚಿ ಕೆಲವು ದಿನ ತಡ್ಕೊಳ್ತಾವೆ, ಜಾಸ್ತಿ ದಿನ ಆದ್ರೆ ಸಾಯ್ತಾವೆ. ಅದಕ್ಕೇ ಸಾಕಣೆಯವರು ಮಳೆಗೆ ಮುಂಚೆ ಕೊಯ್ತಾರೆ. ಸತ್ತರೂ ಚಿಪ್ಪು ಅಲ್ಲೇ ಉಳಿದರೆ ಮುಂದಿನ ಮರಿಗೆ ಮನೆ ಇರುತ್ತೆ. ಸುಣ್ಣಕ್ಕೆ ಅಂತ ಅದನ್ನೂ ಬಾಚಿ ಒಯ್ದರೆ ದಿಬ್ಬ ಮತ್ತೆ ಏಳೋದು ಕಷ್ಟ.

ಬಳ್ಳಾರಿ ಬಿಸಿಲು:
ಇನ್ನೊಂದು ಮಾತು. ಆಯ್ಸ್ಟರ್ ಆಗದಿದ್ರೆ ಸಿಹಿನೀರಿನ ಮುತ್ತು ಮಾಡಿ ಅಂತ ಯಾರಾದ್ರೂ ಬರ್ತಾರೆ, ಹುಷಾರು. ಅದು ಆಯ್ಸ್ಟರ್ ಅಲ್ಲವೇ ಅಲ್ಲ, ನಮ್ಮ ಕೆರೆ ಕಾಲುವೆಯಲ್ಲಿ ಸಿಗೋ ಕಪ್ಪೆಚಿಪ್ಪು. ನಾನು ತರಬೇತಿಗೆ, ಚಿಪ್ಪಿಗೆ ಅಂತ ದುಡ್ಡು ಕಟ್ಟಿದೆ. ಮೇ ತಿಂಗಳಲ್ಲಿ ಹೊಂಡದ ನೀರು ಕಾದು ಅರ್ಧಕ್ಕರ್ಧ ಬಾಯಿ ತೆರೆದು ಬಿದ್ದಿದ್ದವು, ವಾಸನೆಗೆ ಹೆಂಡತಿ ಹೊಲದ ಕಡೆ ಬರೋದೇ ಬಿಟ್ಟಳು. ಮುತ್ತು ನಾವೇ ಕೊಳ್ತೀವಿ ಅಂದವರು ಈಗ ಫೋನ್ ಎತ್ತಲ್ಲ. ಅವು ಮರಿ ಹಾಕಿ ಹೆಚ್ಚುತ್ತವೆ ಅಂತ ನಂಬಿದ್ದೆ. ಮರಿ ಮೊದಲು ಮೀನಿನ ಕಿವಿರಿಗೆ ಅಂಟಿ ಬದುಕಬೇಕು ಅನ್ನೋದು ಆಮೇಲೆ ತಿಳೀತು, ನನ್ನ ಹೊಂಡದಲ್ಲಿ ಮೀನೇ ಇರಲಿಲ್ಲ.

ಸವಳು ಭೂಮಿ:
ಅಪ್ಪನಿಗೆ ಹೇಳದೇ ಇದ್ದದ್ದು ಒಳ್ಳೇದಾಯ್ತು. ಕೊಪ್ಪಳದ ಅಣ್ಣ, ಅದನ್ನ ತಿಂದಿದ್ದೀರಾ? ಹೇಗಿರುತ್ತೆ?

ಕೊಪ್ಪಳದವ:
ಕಾಯಿ ಮಸಾಲೆ ಹಾಕಿ ಮಾಡಿದ್ದು ತಿಂದಿದ್ದೀನಿ, ಚೆನ್ನಾಗಿತ್ತು. ಬೇಯಿಸದೆ ಹಸಿಯಾಗೇ ಒಂದ್ಸಲ ಬಾಯಿಗೆ ಹಾಕಿ, ಉಗುಳಿದೆ.